ಬೆಳಗಿನ ಆರಕ್ಕೆ ಬೆನ್ನು ಇನ್ನೂ ಎದ್ದಿರುವುದಿಲ್ಲ

ಪಿಂಚಣಿದಾರರ ಊರೆಂದು ಹೆಸರಾದ ಮೈಸೂರಿನಲ್ಲಿ ಗಾಲ್ಫ್ ಆಡುವವರು ಬೆಳಕು ಹರಿಯುವುದನ್ನೇ ಕಾಯುತ್ತಿರುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ರೇಸ್ ಕೋರ್ಸಿನ ಒಳಗೆ ಹರಡಿಕೊಂಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಹುಲ್ಲಿನ ಮೇಲೆ, ಬಿಸಿಲು ಏರುವ ಮೊದಲೇ ಆಟ ಮುಗಿಸಬೇಕೆಂಬುದು ಎಲ್ಲರ ಲೆಕ್ಕ. ಐದಕ್ಕೆ ಎದ್ದು, ಕಾಫಿ ಕುಡಿದು, ಕಾರಿನಲ್ಲಿ ಕುಳಿತು ಬಂದು, ಆರು ಗಂಟೆಗೆ ಡ್ರೈವರ್ ಎಂಬ ಉದ್ದನೆಯ ಗಾಲ್ಫ್ ಕೋಲನ್ನು ಕೈಗೆತ್ತಿಕೊಂಡು ಬೀಸಿದರೆ ಮನಸ್ಸಿಗೇನೋ ಉಲ್ಲಾಸ. ಆದರೆ ಅರವತ್ತು ದಾಟಿದವರ ಬೆನ್ನಿಗೆ ಇಡೀ ದಿನದಲ್ಲಿ ಅಷ್ಟು ಕೆಟ್ಟ ಹೊತ್ತು ಇನ್ನೊಂದಿಲ್ಲ.

ಕಾರಣ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳಲ್ಲಿದೆ. ಬೆಳೆದ ವಯಸ್ಸಿನಲ್ಲಿ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳಗಳು ಇರುವುದಿಲ್ಲ. ನೀರೂ ಪೋಷಕಾಂಶವೂ ಸುತ್ತಲಿನಿಂದ ನಿಧಾನವಾಗಿ ಇಂಗಿ ಬರಬೇಕು. ಹಗಲೆಲ್ಲ ದೇಹದ ಭಾರಕ್ಕೆ ಆ ನೀರು ಹಿಂಡಿ ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಡಿಸ್ಕ್ ಮತ್ತೆ ಹೀರಿಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ಅದು ರಾತ್ರಿಯಿಡೀ ನೆನೆದ ಕಡಲೆಕಾಳಿನಂತೆ ಉಬ್ಬಿ ಬಿಗಿದಿರುತ್ತದೆ. ಹಾಸಿಗೆಯಿಂದ ಎದ್ದ ಕ್ಷಣದಲ್ಲಿ ನಾವು ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಾಗಿರುವುದು ಇದೇ ಕಾರಣಕ್ಕೆ. ಹೀಗೆ ಬಿಗಿದ ಡಿಸ್ಕ್ ಬಗ್ಗಲು ಒಪ್ಪುವುದಿಲ್ಲ. ಬ್ರಿಟನ್ನಿನ ಮೈಕೆಲ್ ಆಡಮ್ಸ್ ಮತ್ತು ಸಂಗಡಿಗರು 1987ರಲ್ಲಿ ಲೆಕ್ಕ ಹಾಕಿ ತೋರಿಸಿದ ಹಾಗೆ, ಮುಂದಕ್ಕೆ ಬಾಗಿದಾಗ ಡಿಸ್ಕ್‌ಗಳ ಮೇಲೆ ಬೀಳುವ ಬಾಗುಒತ್ತಡ ದಿನದ ಉಳಿದ ಹೊತ್ತಿಗಿಂತ ಬೆಳಗಿನ ಜಾವದಲ್ಲಿ ಸುಮಾರು ಶೇ. 300ರಷ್ಟು ಹೆಚ್ಚು, ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಅಸ್ಥಿರಜ್ಜುಗಳ ಮೇಲಿನದು ಶೇ. 80ರಷ್ಟು ಹೆಚ್ಚು. ವಯಸ್ಸಾದ ಡಿಸ್ಕ್ ಒಟ್ಟಾರೆ ಕಡಿಮೆ ನೀರನ್ನು ಹಿಡಿಯುತ್ತದೆ, ನಿಜ. ಆದರೆ ಅದರ ಹೊರಪದರದಲ್ಲಿ ಬಿರುಕುಗಳೂ ಮೂಡಿರುತ್ತವೆ, ತಾಳಿಕೊಳ್ಳುವ ಶಕ್ತಿ ಕುಗ್ಗಿರುತ್ತದೆ.

ಒಳ್ಳೆಯ ಸುದ್ದಿಯೆಂದರೆ, ರಾತ್ರಿ ಸೇರಿದ ಆ ಹೆಚ್ಚುವರಿ ನೀರಿನ ಸುಮಾರು ಅರ್ಧಭಾಗ ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲೇ ಹೊರಹೋಗುತ್ತದೆ. ಕುಳಿತು ಬಗ್ಗುವುದಕ್ಕಿಂತ ನೆಟ್ಟಗೆ ನಿಂತು ನಡೆಯುವುದೇ ಇದಕ್ಕೆ ಸರಿಯಾದ ದಾರಿ. ಸೊಂಟನೋವು ಬಹುಕಾಲದಿಂದ ಇದ್ದವರಿಗೆ ಬೆಳಿಗ್ಗೆ ಎದ್ದ ಮೊದಲ ಎರಡು ಗಂಟೆ ಸೊಂಟ ಬಗ್ಗಿಸಬೇಡಿ ಎಂದಷ್ಟೇ ಹೇಳಿ, ಅದನ್ನು ಪಾಲಿಸುವಂತೆ ಮಾಡಿದಾಗ ನೋವು ಗಣನೀಯವಾಗಿ ಇಳಿಯಿತೆಂದು ಅಮೆರಿಕದ ಸ್ಟೋವರ್ ಸ್ನೂಕ್ ತಂಡ 1998ರಲ್ಲಿ ಪ್ರಕಟಿಸಿತು. ಆದ್ದರಿಂದ ಬೇಗ ಆಡಲೇಬೇಕೆನ್ನುವ ಹಿರಿಯರು ಇನ್ನಷ್ಟು ಬೇಗ ಏಳಬೇಕು. ಅರ್ಧ ಗಂಟೆಯಾದರೂ ನಡೆದು, ಆಮೇಲೆ ಚೆಂಡಿನ ಮುಂದೆ ನಿಲ್ಲಬೇಕು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬಂದವರ ಬೆನ್ನು, ಕಾರಿನ ಸೀಟಿನಿಂದ ನೇರವಾಗಿ ಇಳಿದವರ ಬೆನ್ನಿಗಿಂತ ಆಟಕ್ಕೆ ಹೆಚ್ಚು ಸಿದ್ಧವಾಗಿರುತ್ತದೆ.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಗಾಲ್ಫ್ ನೋಡಲು ಸಾವಧಾನದ ಆಟವಾದರೂ ಅದರ ಹೊಡೆತ ಸಾವಧಾನದ್ದಲ್ಲ. ಕೋಲನ್ನು ಹಿಂದಕ್ಕೆ ಎತ್ತಲು ಸುಮಾರು ಮುಕ್ಕಾಲು ಸೆಕೆಂಡು, ಅದು ಚೆಂಡಿಗೆ ಬಂದು ತಾಗಲು ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ಸೊಂಟದ ಮೂಳೆಗಳು ಒಂದರ ಮೇಲೊಂದು ಅದುಮಿಕೊಳ್ಳುವ ಬಲ ದೇಹದ ತೂಕದ ಎಂಟು ಪಟ್ಟಿನವರೆಗೂ ಏರುತ್ತದೆಂದು ತಿಮೋತಿ ಹೊಸಿಯಾ ಮತ್ತು ಸಹೋದ್ಯೋಗಿಗಳು 1990ರಲ್ಲಿ ಅಂದಾಜು ಮಾಡಿದರು. ಎಪ್ಪತ್ತು ಕಿಲೋ ತೂಗುವವರಿಗೆ ಅದು 560 ಕಿಲೋ. ಹವ್ಯಾಸಿ ಆಟಗಾರರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ ಸೊಂಟನೋವು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಸೊಂಟವನ್ನೇ ದೂರುವುದು ಅನ್ಯಾಯ. ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ನೋಯುವ ಜಾಗಕ್ಕೆ ಎಣ್ಣೆ ತಿಕ್ಕಿ, ಬೆಲ್ಟ್ ಬಿಗಿದುಕೊಂಡು, ಕಾರಣವನ್ನು ಹಾಗೇ ಬಿಟ್ಟು ವರ್ಷಗಟ್ಟಲೆ ನರಳುವವರು ಬಹಳ. ಕೋಲನ್ನು ಪೂರ್ತಿ ಎತ್ತಿದಾಗ ಭುಜಗಳು ಸುಮಾರು 90 ಡಿಗ್ರಿ ತಿರುಗಿರುತ್ತವೆ. ಆ ತಿರುವು ಎಲ್ಲಿಂದ ಬರಬೇಕು? ಸೊಂಟದ ಐದು ಮೂಳೆಗಳು ಒಟ್ಟು ಸೇರಿದರೂ ಹತ್ತು, ಹದಿನೈದು ಡಿಗ್ರಿಗಿಂತ ಹೆಚ್ಚು ತಿರುಗಲಾರವು. ಅಲ್ಲಿನ ಕೀಲುಗಳ ರಚನೆ ಬಾಗುವುದಕ್ಕೆ ಹೊಂದಿದೆ, ತಿರುಚುವುದಕ್ಕಲ್ಲ. ತಿರುಗುವ ಕೆಲಸ ಪಕ್ಕೆಲುಬುಗಳು ಅಂಟಿಕೊಂಡಿರುವ ಮೇಲ್ಬೆನ್ನಿನದು, ಮತ್ತು ತೊಡೆಮೂಳೆಯ ತಲೆ ಬಟ್ಟಲಿನಂಥ ಕುಳಿಯಲ್ಲಿ ಕೂರುವ ಚಪ್ಪೆಯ ಕೀಲಿನದು. ವಯಸ್ಸಾದಂತೆ ಮೊದಲು ಬಿಗಿಯುವುದು ಈ ಎರಡೇ. ಮೇಜಿನ ಮುಂದೆ ಗೂನಿ ಕುಳಿತು ಮೂವತ್ತು ವರ್ಷ ನೌಕರಿ ಮಾಡಿದವರ ಮೇಲ್ಬೆನ್ನು ಹಲಗೆಯಾಗಿರುತ್ತದೆ. ಅವೆರಡೂ ತಿರುಗದೆ ನಿಂತಾಗ, ಉಳಿದ ತಿರುವನ್ನು ಸೊಂಟ ಹೊರಬೇಕಾಗುತ್ತದೆ. ಒಂದು ದಿನ ಅದು ಹಿಡಿದುಕೊಳ್ಳುತ್ತದೆ.

ಚಪ್ಪೆಯ ಕೀಲಿನ ವಿಷಯದಲ್ಲಿ ನಮ್ಮವರು ಮೋಸಹೋಗಲು ಒಂದು ವಿಶೇಷ ಕಾರಣವಿದೆ. ನಾವು ಚಕ್ಕಳಮಕ್ಕಳ ಹಾಕಿ ಕೂರುವ ಜನ. ಊಟಕ್ಕೆ, ಪೂಜೆಗೆ, ಸಂಗೀತ ಕಛೇರಿಗೆ ನೆಲದ ಮೇಲೆ ಸಲೀಸಾಗಿ ಕೂರಬಲ್ಲ ಎಪ್ಪತ್ತರ ಹಿರಿಯರಿಗೆ ತಮ್ಮ ಕೀಲುಗಳು ಚೆನ್ನಾಗಿವೆಯೆಂಬ ನಂಬಿಕೆ. ಆದರೆ ಹಾಗೆ ಕೂರಲು ಬೇಕಾದದ್ದು ತೊಡೆ ಹೊರಕ್ಕೆ ತಿರುಗುವ ಶಕ್ತಿ. ಬಲಗೈ ಆಟಗಾರ ಚೆಂಡು ಹೊಡೆದು ಎಡಗಾಲಿನ ಮೇಲೆ ಮೈ ತಿರುಗಿಸಿ ನಿಲ್ಲಲು ಬೇಕಾದದ್ದು ಎಡತೊಡೆ ಒಳಕ್ಕೆ ತಿರುಗುವ ಶಕ್ತಿ. ಮೂಳೆ ಸವೆತ ಶುರುವಾದ ಚಪ್ಪೆಯಲ್ಲಿ ಮೊದಲು ಕಳೆದುಹೋಗುವುದೇ ಈ ಒಳತಿರುವು. ವೃತ್ತಿಪರ ಗಾಲ್ಫ್ ಆಟಗಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲೂ, ಸೊಂಟನೋವು ಇದ್ದವರ ಮುಂದಿನ, ಅಂದರೆ ಗುರಿಯ ಕಡೆಗಿನ ಕಾಲಿನ ಚಪ್ಪೆಯಲ್ಲಿ ಒಳತಿರುವು ಕಡಿಮೆಯಿತ್ತು.

ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಮಂಡಿಗಳನ್ನು ಜೋಡಿಸಿಕೊಂಡು, ಒಂದೊಂದೇ ಪಾದವನ್ನು ಹೊರಗಡೆಗೆ ಸರಿಸಿ ಎತ್ತಿ. ಪಾದ ಹೊರಕ್ಕೆ ಹೋದಷ್ಟೂ ತೊಡೆ ಒಳಕ್ಕೆ ತಿರುಗುತ್ತದೆ. ಒಂದು ಕಡೆ ಸರಾಗವಾಗಿ ಹೋಗಿ ಇನ್ನೊಂದು ಕಡೆ ಅರ್ಧಕ್ಕೇ ನಿಂತರೆ, ಸೊಂಟನೋವಿನ ಮೂಲ ಎಲ್ಲಿರಬಹುದೆಂಬ ಸುಳಿವು ಸಿಕ್ಕಿತು. ಇದೇ ಚಲನೆಯನ್ನು ದಿನವೂ ನಿಧಾನವಾಗಿ ಮಾಡಿದರೆ ವ್ಯಾಯಾಮವೂ ಆಯಿತು. ಮೇಲ್ಬೆನ್ನಿಗೆ ಬೇಕಾದ ಅಭ್ಯಾಸಕ್ಕೆ ಮೈಸೂರಿನವರು ದೂರ ಹೋಗಬೇಕಿಲ್ಲ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ತೊಡಗಿ ನೂರು ವರ್ಷ ತುಂಬಿ ಬಾಳಿದ ತಿರುಮಲೈ ಕೃಷ್ಣಮಾಚಾರ್ಯರ ಊರಿದು. ಕುಳಿತು ಮೈ ತಿರುಗಿಸುವ ಆಸನಗಳನ್ನು ಕಲಿಸುವವರು ಬೀದಿಬೀದಿಗೂ ಇದ್ದಾರೆ. ಒಂದೇ ಎಚ್ಚರಿಕೆ: ತಿರುವು ಎದೆಯ ಭಾಗದಿಂದ ಬರಬೇಕು, ಕೈಬಲದಿಂದ ಸೊಂಟವನ್ನು ಹಿಂಡಬಾರದು.

ಕೀಲು ಸಡಿಲವಾಗುವವರೆಗೆ, ಅಥವಾ ಆಗದೇ ಹೋದರೂ, ಆಟವನ್ನೇ ದೇಹಕ್ಕೆ ಹೊಂದಿಸಿಕೊಳ್ಳಬಹುದು. ಎಡಪಾದದ ತುದಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ಗುರಿಯ ಕಡೆಗೆ ತಿರುಗಿಸಿ ನಿಂತರೆ ಚಪ್ಪೆಗೂ ಮಂಡಿಗೂ ಅಷ್ಟು ಬಿಡುವು. ಕೋಲು ಎತ್ತುವಾಗ ಎಡ ಹಿಮ್ಮಡಿ ನೆಲ ಬಿಟ್ಟು ಏಳಲಿ. ಅಮೆರಿಕದ ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಾಸ್ ಆಡಿದ್ದೇ ಹಾಗೆ, ಮತ್ತು ಅವರು 1986ರಲ್ಲಿ 46ನೇ ವಯಸ್ಸಿನಲ್ಲಿ ಮಾಸ್ಟರ್ಸ್ ಪಂದ್ಯಾವಳಿ ಗೆದ್ದರು. ಹಿಮ್ಮಡಿಯನ್ನು ನೆಲಕ್ಕೆ ನೆಟ್ಟು, ಸೊಂಟವನ್ನು ಅಲುಗಿಸದೆ ಭುಜಗಳನ್ನಷ್ಟೇ ತಿರುಚಿ ಬಿಗಿ ಹುಟ್ಟಿಸುವ ಇಂದಿನ ಶೈಲಿ ಇಪ್ಪತ್ತೈದರ ದೇಹಕ್ಕೆ ಸರಿ. ಟಿವಿಯಲ್ಲಿ ಅದನ್ನು ನೋಡಿ ಅರವತ್ತೈದರಲ್ಲಿ ಅನುಕರಿಸುವುದು ಅಪಾಯ. ಹೊಡೆತದ ಕೊನೆಯಲ್ಲಿ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವುದನ್ನೂ ಬಿಡಬೇಕು, ನೆಟ್ಟಗೆ ನಿಂತು ಮುಗಿಸಬೇಕು.

ಚೆಂಡು ಹೋಗುವ ದೂರ ಕಡಿಮೆಯಾಗುತ್ತದೆ. ಅದನ್ನು ಒಪ್ಪಿಕೊಳ್ಳದೆ ಇನ್ನೂ ಜೋರಾಗಿ ಬೀಸುವುದರಿಂದಲೇ ಅರ್ಧ ನೋವುಗಳು ಹುಟ್ಟುತ್ತವೆ. ವಯಸ್ಸಾದಂತೆ ಸ್ನಾಯುಗಳಲ್ಲಿ ಹೆಚ್ಚು ಸೊರಗುವುದು ಥಟ್ಟನೆ ಸೆಳೆಯುವ ವೇಗದ ನಾರುಗಳು. ಭಾರ ಎತ್ತುವ ಶಕ್ತಿಗಿಂತ ಬೇಗ ಇಳಿಯುವುದು ವೇಗ. ಪೂರ್ತಿ ತಡೆಯಲಾಗದಿದ್ದರೂ ಈ ಇಳಿಕೆಯನ್ನು ನಿಧಾನಿಸಬಹುದು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ತೂಕ ಎತ್ತುವುದು, ಜೊತೆಗೆ ಊಟದಲ್ಲಿ ಸಾಕಷ್ಟು ಪ್ರೋಟೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ, ಹಿರಿಯರಿಗೆ ಒಂದು ಗ್ರಾಂ ಅಥವಾ ಸ್ವಲ್ಪ ಹೆಚ್ಚು ಬೇಕೆನ್ನುವ ತಜ್ಞರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 7 ಗ್ರಾಂ, ಹುರುಳಿಯಲ್ಲಿ ಸುಮಾರು 22. ಮುದ್ದೆ ಚಿಕ್ಕದಾಗಲಿ, ಹುರುಳಿಕಾಳು ಹೆಚ್ಚಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಮೊಣಕೈ ನೋವಿನ ಬಗ್ಗೆ ಒಂದು ಮಾತು. ಅದು ಬಹುಪಾಲು ಊತವಲ್ಲ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನ ನಾರುಗಳು ದುರಸ್ತಿಯಾಗುವುದಕ್ಕಿಂತ ಬೇಗ ಹಾಳಾಗುತ್ತಿರುವುದರ ಗುರುತು. ಪೂರ್ತಿ ವಿಶ್ರಾಂತಿಯಿಂದ ಅದು ಬಲಗೊಳ್ಳುವುದಿಲ್ಲ. ಹಗುರವಾದ ತೂಕವನ್ನು ಮಣಿಕಟ್ಟಿನಿಂದ ನಿಧಾನವಾಗಿ ಇಳಿಸುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಿನ ಸಕ್ಕರೆ ಈ ನಾರುಗಳಿಗೆ ಅಂಟಿಕೊಂಡು ಅವನ್ನು ಗಡಸಾಗಿಸುತ್ತದೆ. ಭುಜ ಸೆಟೆದುಕೊಳ್ಳುವ ತೊಂದರೆ ಅವರಲ್ಲಿ ಹಲವು ಪಟ್ಟು ಹೆಚ್ಚು. ಕೈ ಮೇಲೆತ್ತಲಾಗದಿದ್ದರೆ ಭುಜವನ್ನಷ್ಟೇ ಅಲ್ಲ, ರಕ್ತವನ್ನೂ ಪರೀಕ್ಷಿಸಿಕೊಳ್ಳಬೇಕು.

ಇನ್ನು ಸ್ಕ್ಯಾನಿಂಗ್ ವರದಿ. ‘ಡಿಸ್ಕ್ ಸವೆದಿದೆ’ ಎಂಬ ಒಂದು ಸಾಲು ಓದಿ ಕೋಲುಗಳನ್ನು ಅಟ್ಟಕ್ಕೆ ಹಾಕಿದವರನ್ನು ನೆನೆದರೆ ಸಂಕಟವಾಗುತ್ತದೆ. ಯಾವ ನೋವೂ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇ. 96 ಮಂದಿಗೆ. ಅದು ಬಹುಮಟ್ಟಿಗೆ ತಲೆಗೂದಲು ನೆರೆತಂತೆ ವಯಸ್ಸಿನ ಗುರುತು. ನಿಜವಾಗಿ ಹೆದರಬೇಕಾದ ಲಕ್ಷಣಗಳು ಬೇರೆ ಇವೆ: ಕಾಲಿನ ಬಲ ಕುಸಿಯುವುದು, ಕುಳಿತುಕೊಳ್ಳುವ ಭಾಗದಲ್ಲಿ ಜೋಮು, ಮೂತ್ರದ ಮೇಲೆ ಹಿಡಿತ ತಪ್ಪುವುದು, ರಾತ್ರಿ ನಿದ್ದೆಗೆಡಿಸುವ ನೋವು. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಡುವಾಗ ಎಡಭುಜಕ್ಕೆ, ದವಡೆಗೆ ಹಬ್ಬುವ ನೋವನ್ನು ಉಳುಕೆಂದು ಭಾವಿಸಿ ಆಟ ಮುಂದುವರಿಸಬಾರದು, ಅದು ಹೃದಯದ್ದಿರಬಹುದು. ಆಟಕ್ಕೆ ಮೊದಲೇ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಬೇಡ. ಬಿಸಿಲಿನಲ್ಲಿ ಬೆವರಿ ನೀರು ಕಳೆದುಕೊಂಡ ಮೂತ್ರಪಿಂಡಕ್ಕೆ ಅಂಥ ಮಾತ್ರೆಗಳು ಹಾನಿ ಮಾಡುತ್ತವೆ.

ಕೋಲುಗಳ ಆಯ್ಕೆಯೂ ನೋವನ್ನು ತಗ್ಗಿಸುತ್ತದೆ. ಉಕ್ಕಿನ ದಂಡದ ಬದಲು ಅದರ ಅರ್ಧದಷ್ಟೇ ತೂಗುವ ಗ್ರಾಫೈಟ್ ದಂಡ, ಬೆರಳು ಸಂದುಗಳು ನೋಯುವವರಿಗೆ ದಪ್ಪನೆಯ ಹಿಡಿ, ತೆಳ್ಳನೆಯ ಲೋಹದ ತಲೆಯಿರುವ ಉದ್ದದ ಐರನ್‌ಗಳ ಜಾಗದಲ್ಲಿ ಹೊಡೆಯಲು ಸುಲಭವಾದ ಹೈಬ್ರಿಡ್ ಕೋಲು. ನಿಯಮ 14 ಕೋಲುಗಳಿಗೆ ಅವಕಾಶ ಕೊಡುತ್ತದೆ, ಅಷ್ಟನ್ನೂ ಒಯ್ಯಬೇಕೆಂದು ಹೇಳುವುದಿಲ್ಲ. ಏಳೆಂಟು ಸಾಕು. ಈ ಮಾತು ಆಟಗಾರರಿಗಿಂತ ಅವರ ಕೋಲುಗಳ ಚೀಲ ಹೊರುವ ಕ್ಯಾಡಿಗಳ ಸಲುವಾಗಿ ಹೇಳಬೇಕಾದದ್ದು. ಜರ್ಮನಿಯಲ್ಲಿ 703 ಆಟಗಾರರನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಲವನ್ನು ತಾವೇ ಹೊರುವವರಿಗೆ ಸೊಂಟ, ಭುಜ, ಪಾದದ ಕೀಲಿನ ತೊಂದರೆಗಳು ಹೆಚ್ಚಾಗಿದ್ದವು. ಹೊರುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೆ ಆ ನೋವೂ ಅವರಿಗೇ ವರ್ಗವಾಗುತ್ತದೆ. ಹತ್ತು ಕಿಲೋಗೂ ಹೆಚ್ಚಿನ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡು ಎಂಟು ಹತ್ತು ಕಿಲೋಮೀಟರ್ ನಡೆಯುವ ಕ್ಯಾಡಿಗೂ ಐವತ್ತು ದಾಟಿರಬಹುದು. ಗಾಲಿಯ ಗಾಡಿ ಅಥವಾ ಎರಡು ಹೆಗಲಿಗೆ ಹಂಚುವ ಪಟ್ಟಿ ಅವರ ಹಕ್ಕೆಂದೇ ನಾನು ಭಾವಿಸುತ್ತೇನೆ.

ಈ ಆಟ ಎಲ್ಲರಿಗೂ ಕೊಟ್ಟ ಒಂದು ಉಪಾಯವಿದೆ. ಕುಳಿಯಿಂದ ಚೆಂಡು ತೆಗೆಯುವಾಗ ಒಂದು ಕೈಯನ್ನು ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಮೇಲೆ ಊರಿ, ಒಂದು ಕಾಲನ್ನು ಹಿಂದಕ್ಕೆ ನೀಡಿ, ನಿಂತ ಕಾಲಿನ ಚಪ್ಪೆಯಿಂದ ಬಾಗುವುದು. ಬೆನ್ನು ನೆಟ್ಟಗೇ ಇರುತ್ತದೆ. ಗಾಲ್ಫ್ ಹೆಸರು ಕೇಳದವರಿಗೂ ಭೌತಚಿಕಿತ್ಸಕರು ಇದನ್ನು ಕಲಿಸುತ್ತಾರೆ. ನೆಲದ ಮೇಲೆ ಬಿದ್ದ ಚಮಚ, ಬಾಗಿಲಿನ ಮುಂದಿನ ದಿನಪತ್ರಿಕೆ ಎತ್ತಿಕೊಳ್ಳಲು ಇದಕ್ಕಿಂತ ಸುರಕ್ಷಿತ ವಿಧಾನವಿಲ್ಲ.

ನೋವಿದ್ದರೂ ಆಡಿ ಎಂದು ಹೇಳಲು ಧೈರ್ಯ ಕೊಡುವ ಅಂಕಿಅಂಶವೊಂದು ಸ್ವೀಡನ್ನಿನದು. ಕರೋಲಿನ್ಸ್ಕಾ ಸಂಸ್ಥೆಯವರು ಸುಮಾರು ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆ ನೋಡಿದಾಗ, ಅದೇ ವಯಸ್ಸಿನ, ಅದೇ ಆರ್ಥಿಕ ಹಿನ್ನೆಲೆಯ ಇತರರಿಗಿಂತ ಅವರ ಮರಣ ಪ್ರಮಾಣ ಶೇ. 40ರಷ್ಟು ಕಡಿಮೆಯಿತ್ತು. ಆರೋಗ್ಯವಂತರೇ ಆಟಕ್ಕೆ ಬರುತ್ತಾರೆ ಎಂಬುದೂ ಇದರಲ್ಲಿ ಸೇರಿರಬಹುದು, ಆದರೆ ನಾಲ್ಕು ಗಂಟೆಯ ನಡಿಗೆ ಎಂದೂ ವ್ಯರ್ಥವಲ್ಲ.

ಕೀಲು ಬದಲಾಯಿಸಿಕೊಂಡವರಿಗೂ ದಾರಿ ಮುಚ್ಚಿಲ್ಲ. ಅಮೆರಿಕದ ವೃತ್ತಿಪರ ಆಟಗಾರ ಟಾಮ್ ವಾಟ್ಸನ್ 2008ರ ಅಕ್ಟೋಬರಿನಲ್ಲಿ ಚಪ್ಪೆಯ ಕೀಲು ಬದಲಾಯಿಸಿಕೊಂಡು, ಮರುವರ್ಷದ ಜುಲೈನಲ್ಲಿ 59ನೇ ವಯಸ್ಸಿನಲ್ಲಿ ಟರ್ನ್‌ಬೆರಿಯ ಓಪನ್ ಚಾಂಪಿಯನ್‌ಷಿಪ್ಪಿನಲ್ಲಿ ಸಮಬಲವಾದಾಗ ಗೆಲುವನ್ನು ನಿರ್ಧರಿಸುವ ಪ್ಲೇಆಫ್ ತನಕ ಹೋದರು. ಕೃತಕ ಮಂಡಿಯೊಳಗೆ ಸಂವೇದಕಗಳನ್ನು ಇಟ್ಟು ಅಳೆದಾಗ, ಹೊಡೆತದ ಹೊತ್ತಿನಲ್ಲಿ ಮುಂದಿನ ಮಂಡಿಯ ಮೇಲೆ ದೇಹತೂಕದ ಸುಮಾರು ನಾಲ್ಕೂವರೆ ಪಟ್ಟು, ಹಿಂದಿನದರ ಮೇಲೆ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು ಬಲ ಬಿದ್ದಿತ್ತು. ಹಾಗಾಗಿ ಎಡಮಂಡಿ ಬದಲಾಯಿಸಿಕೊಂಡ ಬಲಗೈ ಆಟಗಾರರು ಇನ್ನೂ ತಾಳ್ಮೆಯಿಂದ ಮರಳಬೇಕು. ಶಸ್ತ್ರವೈದ್ಯರು ಒಪ್ಪಿದ ಮೇಲೆ ಮೊದಲು ಪಟಿಂಗ್ ಮಾತ್ರ. ಕೆಲವು ವಾರ ಬಿಟ್ಟು ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿನಿಂದ ಸಣ್ಣ ಹೊಡೆತಗಳು. ಆಮೇಲೆ ಗಿಡ್ಡ ಐರನ್‌ಗಳು, ಚೆಂಡನ್ನು ಟೀ ಎಂಬ ಪುಟ್ಟ ಗೂಟದ ಮೇಲಿಟ್ಟು, ಅರ್ಧ ಬೀಸಿನಲ್ಲಿ, ತಳ ಜಾರುವ ಒದ್ದೆ ಹುಲ್ಲನ್ನು ತಪ್ಪಿಸಿ, ಶೂಗಳಿಗೆ ಮೊಳೆಯಿಲ್ಲದ ತಳ ಹಾಕಿಸಿಕೊಂಡು. ಡ್ರೈವರ್ ಎಲ್ಲಕ್ಕೂ ಕೊನೆಗೆ, ಅದೂ ಇಬ್ಬನಿ ಆರಿದ ಮೇಲೆ.