ಗಾಜು ಸೀಳಿದ ಆ ಜೀಪು 1948ರದ್ದಲ್ಲ

ಸೆಪ್ಟೆಂಬರ್ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯವರ ಮೊಬೈಲುಗಳಲ್ಲಿ ಹಳೇ ಫೋಟೊಗಳು ಓಡಾಡಲು ಶುರುವಾಗುತ್ತವೆ. ಸೆಪ್ಟೆಂಬರ್ 17 ನಮಗೆ ದೊಡ್ಡ ದಿನ. 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಸೈನ್ಯಕ್ಕೆ ಸೋತು ಕೈಚೆಲ್ಲಿದ್ದು ಅಂದು. ಆ ಸೇನಾ ಕಾರ್ಯಾಚರಣೆಗೇ ಪೊಲೀಸ್ ಆ್ಯಕ್ಷನ್ ಎಂಬ ಹೆಸರು. ಹೀಗೆ ಓಡಾಡುವ ಫೋಟೊಗಳ ಪೈಕಿ ಒಂದು ನನ್ನನ್ನು ಬಹಳ ಕಾಡಿತು. ಹುಮನಾಬಾದ್ ಕಡೆಯ ಒಂದು ಮನೆಯ ಟ್ರಂಕಿನಲ್ಲಿತ್ತಂತೆ. ಕೆಳಗೆ ಯಾರೋ ಬರೆದಿದ್ದಾರೆ: ‘ಪೊಲೀಸ್ ಆ್ಯಕ್ಷನ್‌ನಲ್ಲಿ ಬೀದರಿಗೆ ಬಂದ ಮಿಲಿಟರಿ ಜೀಪು, 1948’.

ಕಪ್ಪು ಬಿಳುಪು ಚಿತ್ರ. ಮೇಲ್ಹೊದಿಕೆ ಇಲ್ಲದ ಜೀಪು. ಬಾನೆಟ್ ಮೇಲೆ, ಬಂಪರ್ ಮೇಲೆ ಚೆಂಡುಹೂವಿನ ಹಾರ. ಹಾರದ ಹಿಂದೆ ನಂಬರ್ ಪ್ಲೇಟು ಮುಚ್ಚಿಹೋಗಿದೆ. ಪಕ್ಕದಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ನಿಂತಿದ್ದಾರೆ. ಇಷ್ಟೇ ಆಗಿದ್ದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ಮುಂದಿನ ಗಾಜು ವಿಚಿತ್ರವಾಗಿದೆ. ಅದು ಎರಡು ತುಂಡು. ನಡುವೆ ಕೆಳಗಿಂದ ಮೇಲಿನ ತನಕ ಅಗಲವಾದ ಸಂದಿ. ಒಡೆದದ್ದಲ್ಲ, ಯಾಕೆಂದರೆ ಸಂದಿಯ ಎರಡೂ ಬದಿಗೆ ಅಚ್ಚುಕಟ್ಟಾದ ಕಬ್ಬಿಣದ ಚೌಕಟ್ಟಿದೆ. ಹಿಂದಿನ ಬಾಗಿಲ ಹಲಗೆ ಇಲ್ಲ. ಸ್ಟೆಪ್ನಿ ಹಿಂದಿರಬೇಕಾದದ್ದು ಬದಿಗೆ ಬಂದಿದೆ. ಸೀಟುಗಳ ಹಿಂದೆ, ನೆಲದ ನಡುವೆ, ಬೋಲ್ಟು ಹಾಕುವ ತೂತುಗಳಿರುವ ದಪ್ಪ ಕಬ್ಬಿಣದ ತಟ್ಟೆಯೊಂದು ಖಾಲಿ ನಿಂತಿದೆ.

ಇದನ್ನು ನೋಡಿದವರು ತಲೆಗೊಂದು ಮಾತು ಹೇಳಿದರು. ದೊಡ್ಡ ಅಧಿಕಾರಿಯ ಜೀಪು, ಸಂದಿ ಬಾವುಟದ ಕಂಬಕ್ಕೆ ಎಂದರು ಒಬ್ಬರು. ಸಿನಿಮಾ ಕ್ಯಾಮೆರಾ ಇಡಲಿಕ್ಕೆ ಎಂದರು ಇನ್ನೊಬ್ಬರು. ಬೋರ್‌ವೆಲ್ ಪೈಪು ಉದ್ದಕ್ಕೆ ಹಾಕಿಕೊಂಡು ಹೋಗಲು ನಮ್ಮ ಗ್ಯಾರೇಜಿನ ಮಿಸ್ತ್ರಿಯೇ ಕೊಯ್ದು ಕೊಟ್ಟಿರಬೇಕು ಅನ್ನುವುದು ಮೂರನೆಯವರ ವಾದ. ಈ ಮೂರನೆಯ ಮಾತು ನನಗೆ ತುಂಬಾ ಹಿಡಿಸಿತು. ಉತ್ತರ ತಪ್ಪು, ಆದರೆ ಯೋಚನೆಯ ದಾರಿ ಸರಿ. ಉದ್ದನೆಯ, ಭಾರದ ವಸ್ತುವೊಂದು ಹಿಂದಿನಿಂದ ಮುಂದಕ್ಕೆ, ಗಾಜನ್ನು ದಾಟಿ ಚಾಚಿಕೊಂಡಿರಬೇಕು ಎಂದು ಅವರು ಸರಿಯಾಗಿ ಊಹಿಸಿದ್ದರು.

ಆ ವಸ್ತು ತೋಪು. 106 ಮಿಲಿಮೀಟರ್ ರಿಕಾಯ್ಲ್‌ಲೆಸ್ ಗನ್. ಸೈನ್ಯದವರ ಬಾಯಲ್ಲಿ ಆರ್‌ಸಿಎಲ್. ಟ್ಯಾಂಕ್ ಹೊಡೆಯಲೆಂದೇ ಇದ್ದ ಆಯುಧ. ಫೋಟೊದಲ್ಲಿ ತೋಪು ಇಲ್ಲ, ಅದಕ್ಕಾಗಿ ಮಾಡಿದ ಜಾಗ ಮಾತ್ರ ಉಳಿದಿದೆ. ಆ ಖಾಲಿ ಜಾಗವೇ ಸಾಕು, ಕೆಳಗೆ ಬರೆದ ಇಸವಿ ಸುಳ್ಳು ಎಂದು ಹೇಳಲು.

ಮೊದಲು ತೋಪಿನ ಕಡೆಯಿಂದ ಬರೋಣ. ಕಲಬುರಗಿ ಕೋಟೆಗೆ ಹೋದವರು ಬಾರಾ ಗಜಿ ತೋಪನ್ನು ನೋಡಿಯೇ ಇರುತ್ತೀರಿ. ಸುಮಾರು 29 ಅಡಿ ಉದ್ದ. ಅಂಥ ತೋಪುಗಳನ್ನು ಬುರುಜಿನ ಮೇಲೆ ಯಾಕೆ ಇಡುತ್ತಿದ್ದರು? ದೂರ ಕಾಣಬೇಕು ಅನ್ನುವುದು ಒಂದು ಕಾರಣ. ಹಾರಿಸಿದಾಗ ಹಿಂದಕ್ಕೆ ಒದೆಯುವ ಹೊಡೆತವನ್ನು ತಾಳಿಕೊಳ್ಳುವ ಗಟ್ಟಿ ನೆಲ ಬೇಕು ಅನ್ನುವುದು ಇನ್ನೊಂದು. ಗುಂಡನ್ನು ಮುಂದೆ ತಳ್ಳುವಷ್ಟೇ ಬಲ ತೋಪನ್ನು ಹಿಂದಕ್ಕೂ ತಳ್ಳುತ್ತದೆ. ಈ ಹೊಡೆತ ಇರುವ ತನಕ ದೊಡ್ಡ ತೋಪು ಎಂದರೆ ದೊಡ್ಡ ಭಾರ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಟ್ಯಾಂಕ್ ಹೊಡೆಯಲು ಬಳಸಿದ 17 ಪೌಂಡರ್ ತೋಪು ಸುಮಾರು ಮೂರು ಟನ್ ತೂಗುತ್ತಿತ್ತು. ಅದನ್ನು ಎಳೆಯಲಿಕ್ಕೇ ಒಂದು ದೊಡ್ಡ ವಾಹನ ಬೇಕು. ಜೀಪಿನ ಮೇಲೆ ಇಡುವ ಮಾತೇ ಇಲ್ಲ.

ಆರ್‌ಸಿಎಲ್ ಈ ತೊಡಕನ್ನು ಸರಳವಾಗಿ ಬಿಡಿಸಿತು. ನಳಿಕೆಯ ಹಿಂದಿನ ತುದಿಯನ್ನು ಪೂರ್ತಿ ಮುಚ್ಚಲಿಲ್ಲ. ಮದ್ದು ಉರಿದಾಗ ಗುಂಡು ಮುಂದೆ ಹೋಗುತ್ತದೆ, ಬಿಸಿ ಅನಿಲದ ದೊಡ್ಡ ಪಾಲು ಹಿಂದಿನ ಕಿಂಡಿಗಳಿಂದ ಹೊರಗೆ ನುಗ್ಗುತ್ತದೆ. ಎರಡು ಕಡೆಯ ಹೊಡೆತ ಸರಿಸಮ. ತೋಪು ಇದ್ದಲ್ಲೇ ಇರುತ್ತದೆ. ಹಾಗಾಗಿ ಭಾರದ ಪೀಠ ಬೇಡ. ಸುಮಾರು 3.4 ಮೀಟರ್ ಉದ್ದದ ಈ ಗನ್ನಿನ ತೂಕ 210 ಕಿಲೊ ಆಸುಪಾಸು. ಇಷ್ಟನ್ನು ಜೀಪು ಆರಾಮಾಗಿ ಹೊರುತ್ತದೆ.

ಈಗ ಫೋಟೊದ ಒಂದೊಂದೇ ವಿಚಿತ್ರವನ್ನು ನೋಡಿ. ನೆಲದ ಮೇಲಿನ ಕಬ್ಬಿಣದ ತಟ್ಟೆ ಗನ್ನಿನ ಕಾಲು ಬಿಗಿಯಲಿಕ್ಕೆ. ಅಷ್ಟು ಉದ್ದದ ನಳಿಕೆ ಜೀಪಿನೊಳಗೆ ಹಿಡಿಸುವುದಿಲ್ಲ, ಡ್ರೈವರ್ ಮತ್ತು ಪಕ್ಕದವನ ನಡುವೆ ಹಾದು ಬಾನೆಟ್ ಮೇಲೆ ಚಾಚಿಕೊಳ್ಳುತ್ತದೆ. ಅದಕ್ಕೇ ಗಾಜು ಎರಡು ತುಂಡು. ಗುಂಡು ತುಂಬುವುದು ಹಿಂದಿನಿಂದ, ಬೆಂಕಿ ಬರುವುದೂ ಹಿಂದಿನಿಂದಲೇ. ಅದಕ್ಕೇ ಹಿಂದಿನ ಹಲಗೆ ಇಲ್ಲ, ಸ್ಟೆಪ್ನಿ ಬದಿಗೆ ಹೋಗಿದೆ. ಹಾರಿಸುವಾಗ ಹಿಂದೆ ಹತ್ತಾರು ಮೀಟರ್ ಯಾರೂ ನಿಲ್ಲುವ ಹಾಗಿಲ್ಲ, ನಿಂತರೆ ಜೀವಕ್ಕೇ ಕುತ್ತು. ಸುಮ್ನೆ ಮಾಡಿದ್ದು ಒಂದೂ ಇಲ್ಲ, ಅಲ್ವಾ?

ಈ ಗನ್ ಅಮೆರಿಕದ್ದು. ಬಳಕೆಗೆ ಬಂದದ್ದು 1950ರ ದಶಕದ ನಡುವೆ. ಅದರ ಬಾಯಿಯ ಅಗಲ ನಿಜಕ್ಕೂ 105 ಮಿಲಿಮೀಟರ್. ಅದಕ್ಕೂ ಮುಂಚೆ ಬಂದು ಸರಿಹೋಗದ ಒಂದು 105ರ ಗನ್ ಇತ್ತು. ಅದರ ಗುಂಡು ಇದಕ್ಕೆ, ಇದರದ್ದು ಅದಕ್ಕೆ ಬೆರಕೆ ಆಗಬಾರದೆಂದು ಹೊಸದನ್ನು 106 ಎಂದು ಕರೆದರು. 1948ರ ಸೆಪ್ಟೆಂಬರಿನಲ್ಲಿ ಇದು ಹುಟ್ಟಿರಲೇ ಇಲ್ಲ.

ಇನ್ನೊಂದು ಸಾಕ್ಷಿ ಬಾನೆಟ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಬಾನೆಟ್ ತಗ್ಗು, ಚಪ್ಪಟೆ. ಯುದ್ಧದ ವರ್ಷಗಳಲ್ಲಿ ಅಂಥವು ಆರು ಲಕ್ಷಕ್ಕೂ ಜಾಸ್ತಿ ತಯಾರಾದವು, ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಸೇರಿ. ನಮ್ಮ ಫೋಟೊದ ಜೀಪಿನ ಬಾನೆಟ್ ಎತ್ತರವಾಗಿದೆ, ಅದರ ಮುಖ ಉದ್ದಕ್ಕೆ ಎದ್ದು ನಿಂತಿದೆ. ಅದು ಸಿಜೆ-3ಬಿ ಎಂಬ ಮಾದರಿ. ಹೊಸ ಇಂಜಿನ್ ಎತ್ತರವಾಗಿದ್ದರಿಂದ ಅದರ ಮೇಲೆ ಕೂರಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಈ ಮಾದರಿ ಅಮೆರಿಕದಲ್ಲೇ ಬಂದದ್ದು 1953ರಲ್ಲಿ. ಆಮೇಲೆ ಮಹೀಂದ್ರ ಅದನ್ನು ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಿಸಿತು. ನಮ್ಮ ಸೈನ್ಯವೂ ಅದನ್ನು ಕೊಂಡಿತು, ಅದರ ಮೇಲೆ ಆರ್‌ಸಿಎಲ್ ಕೂರಿಸಿತು.

ಇಂಥ ಜೀಪಿನ ಹೆಸರು ದೇಶದ ಮನೆಮನೆಗೆ ತಲುಪಿದ್ದು 1965ರ ಯುದ್ಧದಲ್ಲಿ. ಪಂಜಾಬಿನ ಖೇಮ್‌ಕರಣ್ ಬಳಿ, ಅಸಲ್ ಉತ್ತರ್ ಎಂಬ ಊರಿನ ಸುತ್ತ, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದವು. ಅಮೆರಿಕ ಕೊಟ್ಟ ಟ್ಯಾಂಕುಗಳು ಅವು, ಆ ಕಾಲಕ್ಕೆ ಭಾರೀ ಹೆಸರಿದ್ದಂಥವು. ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟಿದ್ದರು. ಎತ್ತರದ ಕಬ್ಬಿನ ಬೆಳೆ ಮರೆಯಾಗಿ ನಿಂತಿತ್ತು. ಅಲ್ಲಿ 4 ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಬಳಿ ಇದ್ದದ್ದು ಜೀಪು ಮತ್ತು ಅದರ ಮೇಲೊಂದು ಆರ್‌ಸಿಎಲ್. ಅವರು ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮೂಪುರದವರು.

ಆರ್‌ಸಿಎಲ್‌ನ ದೊಡ್ಡ ದೋಷ ಎಂದರೆ ಹಾರಿಸಿದ ಕೂಡಲೇ ಹಿಂದೆ ಏಳುವ ಬೆಂಕಿ, ಹೊಗೆ, ದೂಳು. ಎಲ್ಲಿಂದ ಗುಂಡು ಬಂತು ಎಂದು ಶತ್ರುವಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಟ್ಯಾಂಕಿಗೆ ಅಂಗೈ ದಪ್ಪದ ಉಕ್ಕಿನ ಕವಚ ಇದೆ. ಜೀಪಿಗೆ ತಗಡು ಬಿಟ್ಟರೆ ಏನೂ ಇಲ್ಲ. ಆದ್ದರಿಂದ ಒಂದು ಗುಂಡು ಹೊಡೆದು, ಶತ್ರುವಿನ ತೋಪು ತಿರುಗುವ ಮುಂಚೆ ಜಾಗ ಬದಲಿಸಬೇಕು. 1965ರ ಸೆಪ್ಟೆಂಬರ್ 10ರ ಬೆಳಿಗ್ಗೆ ಹಮೀದ್ ಮಾಡಿದ್ದು ಇದನ್ನೇ. ಜೀಪನ್ನು ಬದಿಗೆ ಒಯ್ದು ಮುಂದಿದ್ದ ಟ್ಯಾಂಕನ್ನು ಹೊಡೆದರು. ಜಾಗ ಬದಲಿಸಿ ಇನ್ನೊಂದನ್ನು ಹೊಡೆದರು. ಅಷ್ಟರಲ್ಲಿ ಶತ್ರು ಅವರನ್ನು ಗುರುತು ಹಿಡಿದಿತ್ತು. ಮೆಷಿನ್‌ಗನ್ನು, ಶೆಲ್ಲು ಎರಡರ ಸುರಿಮಳೆಯಲ್ಲೂ ಅವರು ಗನ್ ಬಿಡಲಿಲ್ಲ. ಶೆಲ್ ಒಂದು ತಾಗಿ ಅಲ್ಲೇ ಪ್ರಾಣ ಬಿಟ್ಟರು. ಪರಮವೀರ ಚಕ್ರ ಅವರಿಗೆ ಸಂದಿತು. ಆ ಯುದ್ಧಭೂಮಿಯಲ್ಲಿ ನೂರರ ಹತ್ತಿರ ಪಾಕಿಸ್ತಾನಿ ಟ್ಯಾಂಕುಗಳು ಸುಟ್ಟವು ಇಲ್ಲವೇ ಸೆರೆ ಸಿಕ್ಕವು. ಅವನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ ಪ್ಯಾಟನ್ ನಗರ ಎಂದರು. 2000ದಲ್ಲಿ ಅಂಚೆ ಇಲಾಖೆ ಹಮೀದ್ ನೆನಪಿಗೆ ಹೊರತಂದ ಅಂಚೆಚೀಟಿಯ ಮೇಲೂ ಈ ಜೀಪು ಇದೆ.

ಇದನ್ನು ಓದುವಾಗಲೆಲ್ಲ ನನಗೆ ಅನಿಸುವುದು ಒಂದೇ. ಆ ಸೀಳಿದ ಗಾಜಿನ ಹಿಂದೆ ಕೂತವರಿಗೆ ತಾವು ಎಂಥ ಜಾಗದಲ್ಲಿ ಕೂತಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು. ಫೋಟೊದ ಆ ಸಂದಿಯನ್ನು ಬಾವುಟದ ಕಂಬದ ಜಾಗ ಎಂದು ಸುಮ್ಮನೆ ದಾಟಿಹೋಗಲು ನನಗೆ ಮನಸ್ಸು ಬರುವುದಿಲ್ಲ.

ಜೀಪಿಗೆ ಹೀಗೆ ಅಂಗಾಂಗ ಬದಲಿಸುವುದು ಹೊಸದೇನಲ್ಲ. 1942ರಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಶತ್ರುವಿನ ನೆಲದೊಳಗೆ ನುಗ್ಗಿ ದಾಳಿ ಮಾಡುವ ಬ್ರಿಟಿಷ್ ಎಸ್‌ಎಎಸ್ ಪಡೆ ಜೀಪಿನ ಮುಂದಿನ ಜಾಲರಿಯ ಪಟ್ಟಿಗಳನ್ನೇ ಕತ್ತರಿಸಿ ತೆಗೆದಿತ್ತು. ರೇಡಿಯೇಟರಿಗೆ ಗಾಳಿ ಜಾಸ್ತಿ ತಾಗಲಿ, ನೀರು ಉಳಿಯಲಿ ಎಂದು. ಗೊತ್ತಿಲ್ಲದವರು ಆ ಫೋಟೊ ನೋಡಿದರೆ ಅಪಘಾತವಾದ ಗಾಡಿ ಅನ್ನುತ್ತಾರೆ. 1944ರ ಇಟಲಿ, ಫ್ರಾನ್ಸ್ ಫೋಟೊಗಳಲ್ಲಿ ಜೀಪಿನ ಬಂಪರಿನಿಂದ ಆಳೆತ್ತರದ ಕಬ್ಬಿಣದ ಪಟ್ಟಿಯೊಂದು ನೆಟ್ಟಗೆ ಎದ್ದಿರುತ್ತದೆ, ತುದಿಯಲ್ಲಿ ಕೊಕ್ಕೆಯಂಥ ಕಚ್ಚು. ಶತ್ರುಗಳು ರಸ್ತೆಗೆ ಅಡ್ಡಲಾಗಿ, ಕುತ್ತಿಗೆಯ ಎತ್ತರಕ್ಕೆ ತಂತಿ ಬಿಗಿಯುತ್ತಿದ್ದರು. ಗಾಜು ಮಡಚಿ ಓಡಿಸುವ ಜೀಪಿನವರಿಗೆ ಆ ತಂತಿಯೇ ಯಮ. ಪಟ್ಟಿ ಅದನ್ನು ಕತ್ತರಿಸುತ್ತಿತ್ತು.

ಅದಕ್ಕಿಂತ ಮಜವಾದದ್ದು ಅದೇ 1942ರ, ಈಜಿಪ್ಟಿನ ಎಲ್ ಅಲಮೇನ್ ಯುದ್ಧಕ್ಕೆ ಮುಂಚಿನದು. ಅಲ್ಲಿ ಬ್ರಿಟಿಷರು ಟ್ಯಾಂಕುಗಳ ಮೇಲೆ ಕ್ಯಾನ್ವಾಸ್ ಹೊದಿಸಿ ಲಾರಿಯ ವೇಷ ಹಾಕಿದ್ದರು, ವಿಮಾನದಿಂದ ನೋಡುವವರ ಕಣ್ಣಿಗೆ ಮಣ್ಣೆರಚಲು. ಈಚೆಗೆ ಉಕ್ರೇನ್ ಯುದ್ಧದಲ್ಲಿ ಟ್ಯಾಂಕುಗಳ ಮೇಲೆ ಕಬ್ಬಿಣದ ಪಂಜರ ಕಟ್ಟಿದ ಫೋಟೊ ಬಂದಾಗ ನಮ್ಮ ಹುಡುಗರು ನಕ್ಕರು. ಡ್ರೋನ್ ಮೇಲಿನಿಂದ ಬಂದು ಎರಗುತ್ತದೆ, ಅದು ತುಸು ದೂರದಲ್ಲೇ ಸಿಡಿಯಲಿ ಎಂದು ಆ ಪಂಜರ. ಏಟು ಎಲ್ಲಿಂದ ಬರುತ್ತಿತ್ತು ಎಂದು ಕೇಳಿಕೊಂಡರೆ ಇಂಥ ಫೋಟೊಗಳ ಅರ್ಧ ಒಗಟು ಬಿಡಿಸಿದಂತೆಯೇ.

ಹಾಗಾದರೆ ಯುದ್ಧದ ಜೀಪು ಹುಮನಾಬಾದ್ ಕಡೆಯ ಮನೆಯ ಮುಂದೆ ಹೇಗೆ ಬಂತು? ಸೈನ್ಯ ಹಳೇ ವಾಹನಗಳನ್ನು ಹರಾಜು ಹಾಕುತ್ತದೆ. ತೋಪು ಬಿಚ್ಚಿಕೊಂಡು, ಗಾಡಿಯನ್ನು ಮಾರುತ್ತದೆ. ನಮ್ಮ ಕಡೆ ಇವನ್ನು ಡಿಸ್ಪೋಜಲ್ ಜೀಪು ಅನ್ನುತ್ತಿದ್ದರು. ಮಳೆಗಾಲದಲ್ಲಿ ಕಪ್ಪು ಮಣ್ಣಿನ ದಾರಿಯಲ್ಲಿ ಹೂತುಹೋಗದೆ ಓಡುವ ಗಾಡಿ ಎಂದರೆ ನಾಲ್ಕೂ ಗಾಲಿ ಎಳೆಯುವ ಜೀಪು. ಹೊಲ ಇದ್ದವರು, ಗುತ್ತಿಗೆದಾರರು ಇಷ್ಟಪಟ್ಟು ಕೊಳ್ಳುತ್ತಿದ್ದರು. ಇನ್ನು ಹೂವಿನ ಹಾರ. ಗೆದ್ದ ಸೈನ್ಯಕ್ಕೆ ಜನ ಹಾಕಿದ್ದು ಎಂದು ಫೋಟೊ ಹಂಚಿದವರು ನಂಬಿದ್ದಾರೆ. ನನಗೆ ಕಾಣುವುದು ದಸರೆಯ ಆಯುಧ ಪೂಜೆ. ಬಾನೆಟ್ ಮೇಲೆ ಕುಂಕುಮದ ಮೂರು ಬೊಟ್ಟು, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಸ್ಪಷ್ಟವಾಗಿವೆ. ಜೀಪಿನಲ್ಲಿ ಒಬ್ಬನೇ ಒಬ್ಬ ಸೈನಿಕನಿಲ್ಲ.

1948ರದ್ದು ಬೇರೆಯೇ ಕಥೆ. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಒಂದನೇ ಆರ್ಮರ್ಡ್ ಡಿವಿಷನ್, ಅಂದರೆ ಟ್ಯಾಂಕುಗಳ ಪಡೆ, ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ನಲದುರ್ಗ, ಉಮರ್ಗಾ ದಾಟಿ, ಮರುದಿನ ಇಂದಿನ ಬೀದರ್ ಜಿಲ್ಲೆಯ ರಾಜೇಶ್ವರ ಸೇರಿತು. ದಾರಿಯಲ್ಲಿ ಹೊಂಚು ಹಾಕಿ ಕೂತವರಿದ್ದಾರೆಂದು ವಿಮಾನಗಳು ಮೊದಲೇ ನೋಡಿ ಬಾಂಬ್ ಹಾಕಿದ್ದವು. 17ರ ಬೆಳಗಿನ ಜಾವ ಸೈನ್ಯ ಬೀದರ್ ಹೊಕ್ಕಿತು. ಅಂದೇ ಸಂಜೆ ನಿಜಾಮರು ಕದನ ನಿಲ್ಲಿಸಿದರು. ಆ ಐದು ದಿನಗಳಲ್ಲಿ, ಅದಕ್ಕೂ ಮುಂಚಿನ ರಜಾಕಾರರ (ನಿಜಾಮರ ಪರ ನಿಂತ ಖಾಸಗಿ ಪಡೆಯವರ) ಹಾವಳಿಯಲ್ಲಿ, ಆಮೇಲಿನ ಗಲಭೆಗಳಲ್ಲಿ ಈ ಜಿಲ್ಲೆಗಳ ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡವು. ಹಿಂದೂಗಳ ಮನೆಗಳಲ್ಲೂ ಆ ನೋವಿದೆ, ಮುಸ್ಲಿಮರ ಮನೆಗಳಲ್ಲೂ ಇದೆ. ಆ ದಿನಗಳ ನಿಜವಾದ ಫೋಟೊ ಒಂದು ಸಿಕ್ಕರೂ ಅದಕ್ಕೆ ಬೆಲೆ ಕಟ್ಟಲಾಗದು. ತಪ್ಪು ಇಸವಿ ಹೊತ್ತ ನೂರು ಫೋಟೊಗಳ ನಡುವೆ ಅದು ಬಂದರೆ ಯಾರು ನಂಬುತ್ತಾರೆ? ನನ್ನ ಚಿಂತೆ ಅದೇ.

ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಹಂಚುವ ಮೊದಲು ಸ್ವಲ್ಪ ಹುಡುಕಿ. ನಂಬರ್ ಪ್ಲೇಟು ಕಾಣುತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ಸೈನ್ಯದ ಪ್ಲೇಟಿನಲ್ಲಿ ಮೇಲ್ಮುಖದ ಬಾಣದ ಗುರುತಿರುತ್ತದೆ, ಜತೆಗಿರುವ ಎರಡು ಅಂಕೆ ವಾಹನ ಕೊಂಡ ವರ್ಷ ಹೇಳುತ್ತವೆ. ಕೆಎ 32, 33, 38 ಎಂದಿದ್ದರೆ ಅದು ಕಲಬುರಗಿ, ಯಾದಗಿರಿ, ಬೀದರಿನ ನೋಂದಣಿ. ಕೆಎ ಅಕ್ಷರಗಳು ಬಂದದ್ದೇ 1980ರ ದಶಕದ ಕೊನೆಗೆ. ಪ್ರಿಂಟಿನ ಹಿಂಬದಿಯಲ್ಲಿ ಸ್ಟುಡಿಯೊ ಮುದ್ರೆ ಇದೆಯಾ ನೋಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಜೀಪು ಯಾರಿಂದ ಕೊಂಡದ್ದು, ಎಲ್ಲಿಯ ಹರಾಜು, ಪಕ್ಕದಲ್ಲಿ ನಿಂತವರು ಯಾರು ಎಂದು ಕೇಳಿ. ಅವರು ಹೇಳಿದ್ದನ್ನು ಇಂದೇ, ಪೆನ್ಸಿಲ್‌ನಲ್ಲಿ, ಫೋಟೊದ ಹಿಂದೆ ಬರೆದಿಡಿ.