ಬಾಟಲಿಯ ಮೇಲಿನ ‘ಅನ್‌ಹೈಡ್ರಸ್’

ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು ಬಾಟಲಿಯ ಮೇಲೆ ರಾಸಾಯನಿಕದ ಹೆಸರನ್ನಷ್ಟೇ ಓದುತ್ತಾರೆ, ಪಕ್ಕದ ‘ಅನ್‌ಹೈಡ್ರಸ್’ ಅನ್ನು ಬಿಟ್ಟುಬಿಡುತ್ತಾರೆ. ನಿರ್ಜಲ ತಾನೆ, ಒಣಗಿದ ಪುಡಿ ಇದ್ದೀತು ಎಂಬುದು ಅವರ ಲೆಕ್ಕ. ಒಣಗಿದ್ದೆಲ್ಲ ನಿರ್ಜಲವಲ್ಲ.

ಮೈಲುತುತ್ತವನ್ನೇ ನೋಡಿ. ನೀಲಿ ಹರಳಿನಲ್ಲಿ ತೇವವೇ ಕಾಣದು. ಆದರೂ ಅದರ ತೂಕದಲ್ಲಿ ಶೇ 36ರಷ್ಟು ನೀರು. ತಾಮ್ರದ ಸಲ್ಫೇಟಿನ ಪ್ರತಿ ಘಟಕದ ಜೊತೆ ಐದು ನೀರಿನ ಅಣುಗಳು ಹರಳಿನ ರಚನೆಯೊಳಗೇ ಸೇರಿಕೊಂಡಿವೆ. ಇದೇ ಸ್ಫಟಿಕ ಜಲ. ಪ್ರನಾಳದಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಹರಳು ಬಿಳುಚಿಕೊಳ್ಳುತ್ತದೆ, ಪ್ರನಾಳದ ತಣ್ಣನೆಯ ಬಾಯಿಯ ಬಳಿ ಹನಿಗಳು ಕೂಡುತ್ತವೆ. ಐದನೆಯ ಅಣು ಹಟಮಾರಿ. ಅದು ಹೊರಡಬೇಕಾದರೆ ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕೊನೆಗೆ ಉಳಿಯುವ ಬಿಳಿ ಪುಡಿಯೇ ನಿರ್ಜಲ ರೂಪ. ಅದಕ್ಕೆ ಒಂದು ಹನಿ ನೀರು ಬಿಟ್ಟರೆ ನೀಲಿ ಮರಳುತ್ತದೆ, ಬಿಸಿಯೂ ಏಳುತ್ತದೆ.

ಎಡವಟ್ಟಾಗುವುದು ತಕ್ಕಡಿಯ ಮುಂದೆ. ಸೋಡಿಯಂ ಕಾರ್ಬೊನೇಟಿನ 0.1 ಮೋಲಾರ್ (ಮೋಲಾರ್ ಎಂದರೆ ದ್ರಾವಣದ ಸಾಂದ್ರತೆಯ ಅಳತೆ) ದ್ರಾವಣ ಒಂದು ಲೀಟರ್ ಬೇಕಿದ್ದರೆ ನಿರ್ಜಲ ರೂಪ 10.6 ಗ್ರಾಂ ಸಾಕು. ಹತ್ತು ನೀರಿನ ಅಣುಗಳಿರುವ ಹರಳಾದರೆ 28.6 ಗ್ರಾಂ ತೂಗಬೇಕು. ಮೊದಲ ಅಂಕಿಯನ್ನು ನೆನಪಿಟ್ಟುಕೊಂಡು ಎರಡನೆಯ ಬಾಟಲಿಗೆ ಚಮಚ ಹಾಕಿದವರ ದ್ರಾವಣ 0.037 ಮೋಲಾರ್‌ಗೆ ಇಳಿದಿರುತ್ತದೆ. ಆಮೇಲೆ ದ್ರಾವಣ ಅಳೆಯುವ ಗಾಜಿನ ಕೊಳವೆ, ಬ್ಯುರೆಟ್, ಸರಿಯಿಲ್ಲ ಎಂದು ದೂರುತ್ತಾರೆ!

ಪದ ಪುಡಿಗಳಿಗಷ್ಟೇ ಮೀಸಲಲ್ಲ. ಶೈತ್ಯಾಗಾರಗಳ ಯಂತ್ರಗಳಲ್ಲಿ ಓಡುವುದು ನಿರ್ಜಲ ಅಮೋನಿಯಾ. ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ಅದನ್ನು ಒತ್ತಡದಲ್ಲಿ ದ್ರವವಾಗಿ ಹಿಡಿದಿಡುತ್ತಾರೆ. ಸೋರಿದರೆ ಅದು ತೇವವಿರುವ ಕಡೆಗೇ, ಅಂದರೆ ಕಣ್ಣಿಗೆ, ಗಂಟಲಿಗೆ ನುಗ್ಗುತ್ತದೆ.

ಎಥನಾಲ್‌ನದು ಬೇರೆಯೇ ತಕರಾರು. ಸಾಮಾನ್ಯ ಬಟ್ಟಿ ಇಳಿಸುವಿಕೆಯಿಂದ ತೂಕದಲ್ಲಿ ಶೇ 95.6ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆ ನೀರೂ ಆಲ್ಕೊಹಾಲೂ ಅದೇ ಪ್ರಮಾಣದಲ್ಲಿ ಒಟ್ಟಿಗೆ ಆವಿಯಾಗುತ್ತವೆ. ಉಳಿದ ನೀರನ್ನು ಹೀರಲು ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಹಾಕೋಣ ಎಂದು ಹೊರಡುವವರಿದ್ದಾರೆ. ಬೇಡ, ಅದು ಎಥನಾಲ್ ಅನ್ನೂ ಹಿಡಿದುಕೊಳ್ಳುತ್ತದೆ. ಇಲ್ಲಿ ಒಗ್ಗುವುದು ಸುಮಾರು 0.3 ನ್ಯಾನೊಮೀಟರ್ ರಂಧ್ರಗಳ ಮಾಲಿಕ್ಯುಲರ್ ಸೀವ್, ಅಂದರೆ ಅಣುಗಳ ಜರಡಿ: ನೀರಿನ ಅಣು ಒಳಗೆ ತೂರುತ್ತದೆ, ಎಥನಾಲ್ ಹೊರಗೇ ಉಳಿಯುತ್ತದೆ. ಬಳಸುವ ಮೊದಲು ಸೀವ್ ಅನ್ನೂ ಚೆನ್ನಾಗಿ ಕಾಯಿಸಿಕೊಳ್ಳಬೇಕು; ತೆರೆದಿಟ್ಟ ಡಬ್ಬಿಯದಾದರೆ ಅದು ಗಾಳಿಯ ತೇವವನ್ನು ಆಗಲೇ ಕುಡಿದು ಕುಳಿತಿರುತ್ತದೆ.