ಆ ಶಾಖ ಎಲ್ಲಿಗೆ ಹೋಯಿತು?

ನಾನು ಕಟ್ಟಿದ ಮೊದಲ ಊರು ಬೆಂಕಿಗೆ ಬಲಿಯಾಗಲಿಲ್ಲ, ಲಾವಾರಸಕ್ಕೂ ಅಲ್ಲ. ತಾನೇ ತಯಾರಿಸಿಕೊಂಡ ಆಮ್ಲಜನಕದ ಬಿಸಿಗೆ ಅದು ಬಾಡಿಹೋಯಿತು.

ಕೆನಡಾದ ಕ್ಲೇ ಎಂಟರ್‌ಟೇನ್‌ಮೆಂಟ್ 2019ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ ಆಟದಲ್ಲಿ, ಕ್ಷುದ್ರಗ್ರಹವೊಂದರ ಹೊಟ್ಟೆಯೊಳಗೆ ಬಿಲ ತೋಡಿ ಒಂದಷ್ಟು ಜನರನ್ನು ಬದುಕಿಸಬೇಕು. ನೀರನ್ನು ವಿದ್ಯುತ್ತಿನಿಂದ ಒಡೆಯುವ ಯಂತ್ರಕ್ಕೆ ಸೆಕೆಂಡಿಗೆ ಒಂದು ಕಿಲೋ ನೀರುಣಿಸಿದರೆ 888 ಗ್ರಾಂ ಆಮ್ಲಜನಕ, 112 ಗ್ರಾಂ ಜಲಜನಕ ಬರುತ್ತದೆ. ನಿಜವಾದ ನೀರಿನ ತೂಕದಲ್ಲೂ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕವೇ. ರಸಾಯನಶಾಸ್ತ್ರದ ಪಾಠವನ್ನು ಆಟ ಕಟ್ಟಿದವರು ಹಾಗೇ ಇಳಿಸಿಕೊಂಡಿದ್ದಾರೆ. ಆದರೆ ಹೊರಬೀಳುವ ಅನಿಲ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಆರಂಭದಲ್ಲಿ ಎಲ್ಲರ ಹೊಟ್ಟೆ ತುಂಬಿಸುವ ಮೀಲ್‌ವುಡ್ ಗಿಡ 30 ಡಿಗ್ರಿ ದಾಟಿದರೆ ಬೆಳೆಯುವುದಿಲ್ಲ. ಗೋಡೆಗಳು 24, 26, 29 ಎಂದು ಏರುತ್ತಾ ಹೋದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ತೋಟ ನಿಂತುಹೋದಾಗ ಸುತ್ತಲಿನ ಟನ್‌ಗಟ್ಟಲೆ ಬಂಡೆಯೂ ಕಾದು ಕೂತಿತ್ತು. ಅಪಾಯ ಎಂದರೆ ಸಿಡಿಯುವುದು, ಉರಿಯುವುದು ಎಂದು ತಿಳಿದಿದ್ದವನಿಗೆ ಅದು ದೊಡ್ಡ ಪಾಠ.

ಒಳಗಿನ ಲೆಕ್ಕ ಮಾತ್ರ ಸರಳ. ಚೌಕಾಬಾರದ ಹಾಸಿನ ಹಾಗೆ ಇಡೀ ಲೋಕವನ್ನು ಮನೆಗಳಾಗಿ ಹಂಚಿದ್ದಾರೆ. ಒಂದು ಮನೆಯಲ್ಲಿ ಒಂದೇ ವಸ್ತು; ಅದಕ್ಕೊಂದು ತೂಕ, ಒಂದು ತಾಪಮಾನ. ಸೆಕೆಂಡಿಗೆ ಐದು ಸಲ ಪ್ರತಿ ಮನೆಯೂ ನೆರೆಮನೆಯೊಡನೆ ಶಾಖದ ಕೊಡುಕೊಳ್ಳುವಿಕೆ ನಡೆಸುತ್ತದೆ. 1822ರಲ್ಲಿ ಫ್ರಾನ್ಸಿನ ಜೋಸೆಫ್ ಫೂರಿಯೇ ಪ್ರಕಟಿಸಿದ ನಿಯಮದ ನೆರಳು ಇದರಲ್ಲಿದೆ: ತಾಪಮಾನದ ಅಂತರ ಹೆಚ್ಚಿದಷ್ಟೂ ಶಾಖದ ಹರಿವು ಹೆಚ್ಚು. ಹರಿವು ಎಷ್ಟು ಸಲೀಸು ಎಂಬುದನ್ನು ಉಷ್ಣವಾಹಕತೆ ಹೇಳುತ್ತದೆ. ಬಂದ ಶಾಖಕ್ಕೆ ವಸ್ತು ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ವಿಶಿಷ್ಟೋಷ್ಣ ಹೇಳುತ್ತದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಆಟ ಕೊಟ್ಟಿರುವ ಅಂಕಿ 4.179 ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆ), ಪ್ರಯೋಗಾಲಯದ ಅಂಕಿಯೇ.

ಇಂಥ ಲೆಕ್ಕದಲ್ಲಿ ಕಂಪ್ಯೂಟರ್ ಎಡವುವ ಜಾಗವೊಂದಿದೆ. 90 ಡಿಗ್ರಿಯ ಕಬ್ಬಿಣದ ಪಕ್ಕ 10 ಡಿಗ್ರಿಯ ಕಬ್ಬಿಣ ಇಟ್ಟಿದ್ದೇವೆ ಎನ್ನಿ. ಕಾಲದ ಹೆಜ್ಜೆ ತೀರಾ ಉದ್ದವಾದರೆ, ಹೆಜ್ಜೆಯ ಆರಂಭದಲ್ಲಿದ್ದ ಅಂತರವನ್ನಷ್ಟೇ ನಂಬಿದ ಯಂತ್ರ ಬೇಕಾದುದಕ್ಕಿಂತ ಹೆಚ್ಚು ಶಾಖ ದಾಟಿಸಿಬಿಡುತ್ತದೆ. ಬಿಸಿಯದು ತಣ್ಣಗಿದ್ದುದಕ್ಕಿಂತಲೂ ತಣ್ಣಗಾಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಅದೇ ತಪ್ಪು ತಿರುಗುಮುರುಗು, ಇನ್ನೂ ಜೋರಾಗಿ. ಹವಾಮಾನದ ಲೆಕ್ಕ ಹಾಕುವವರೂ ಇದೇ ಕಾರಣಕ್ಕೆ ಕಾಲದ ಹೆಜ್ಜೆಯನ್ನು ಅಳೆದು ಇಡುತ್ತಾರೆ.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದ ಆಟ ಒಂದು ದೊಡ್ಡ ಸಂಗತಿಯನ್ನು ಕೈಬಿಟ್ಟಿದೆ: ಗುಪ್ತೋಷ್ಣ. ಒಂದು ಗ್ರಾಂ ನೀರನ್ನು ಕುದಿಬಿಂದುವಿನಲ್ಲಿ ಹಬೆಯಾಗಿಸಲು ಸುಮಾರು 2,260 ಜೂಲ್ ಬೇಕು. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರನ್ನು ತಂಪಾಗಿಡುವುದು ಇದರಿಂದಲೇ. ಮೈಯಿಂದ ಜಿನುಗಿ ಆರುವ ಹನಿಗಳು ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತವೆ. ಆಟದಲ್ಲಿ ನೀರು ಕುದಿಬಿಂದುವನ್ನು ಮೂರು ಡಿಗ್ರಿ ದಾಟಿತೆಂದರೆ ಸರಿ, ಹಬೆಯಾಗುತ್ತದೆ. ಅದಕ್ಕೆ ಬೇರೆ ಬೆಲೆಯಿಲ್ಲ. ಮೂರು ಡಿಗ್ರಿಯ ಆ ಸಡಿಲಿಕೆಯೂ ನೀರು-ಹಬೆ-ನೀರು ಎಂದು ಕ್ಷಣಕ್ಷಣಕ್ಕೂ ರೂಪ ಬದಲಾಗದಿರಲಿ ಎಂದು ಇಟ್ಟದ್ದು. ಆ ಲೋಕದಲ್ಲಿ ಮಡಕೆ ನೀರು ತಣ್ಣಗಾಗದು.

ಅಮೆರಿಕದ ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಸೋದರರ ‘ಡ್ವಾರ್ಫ್ ಫೋರ್ಟ್ರೆಸ್’ ಆಟದಲ್ಲಿ ತಾಪಮಾನಕ್ಕೆ ತನ್ನದೇ ಅಳತೆಗೋಲಿದೆ. ಅದರಲ್ಲಿ ನೀರು ಹೆಪ್ಪುಗಟ್ಟುವುದು 10,000ದಲ್ಲಿ, ಕುದಿಯುವುದು 10,180ರಲ್ಲಿ. ಫ್ಯಾರನ್‌ಹೀಟ್ ಮಾಪನದಲ್ಲೂ ಈ ಎರಡರ ನಡುವಿನ ಅಂತರ 180 ಡಿಗ್ರಿಯೇ; ಹಾಗಾಗಿ ಇದು ವೇಷ ಹಾಕಿದ ಫ್ಯಾರನ್‌ಹೀಟ್ ಎಂದು ಗೊತ್ತಾಗುತ್ತದೆ. ಕಂಪ್ಯೂಟರ್ ನಿಧಾನವಾದರೆ ತಾಪಮಾನದ ಲೆಕ್ಕವನ್ನೇ ಆರಿಸಿಬಿಡುವ ಅನುಕೂಲವೂ ಅಲ್ಲುಂಟು. ಶಾಖದ ಲೆಕ್ಕ ಅಷ್ಟು ದುಬಾರಿ.

ಅನಿಲಗಳ ವಿಷಯದಲ್ಲಿ ಕ್ಲೇ ಆಟದ ಸರಳೀಕರಣ ನನಗೆ ಒಪ್ಪಿಗೆಯಾಗುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಆಮ್ಲಜನಕದಿಂದ ಪೂರ್ತಿ ಬೇರ್ಪಟ್ಟು ತಳ ಸೇರುತ್ತದೆ. ಒಮ್ಮೆ ಬೆರೆತ ಅನಿಲಗಳು ನಿಜದಲ್ಲಿ ಹಾಗೆ ತಾವಾಗಿ ಬೇರ್ಪಡುವುದಿಲ್ಲ. ಆದರೆ ಒಂದೇ ಕಡೆ ಒಟ್ಟಾಗಿ ಹೊಮ್ಮಿದ ಡೈಆಕ್ಸೈಡ್ ತಗ್ಗಿನಲ್ಲಿ ತಂಗುವುದು ನಿಜ. 1986ರ ಆಗಸ್ಟಿನಲ್ಲಿ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಉಕ್ಕಿದ ಡೈಆಕ್ಸೈಡ್ ಕಣಿವೆಗಿಳಿದು ಸುಮಾರು 1,700 ಜನರ ಪ್ರಾಣ ತೆಗೆಯಿತು. ಹಾಳುಬಾವಿಗೆ ಇಳಿಯುವ ಮುನ್ನ ದೀಪ ಇಳಿಬಿಡುತ್ತಿದ್ದುದು ಇಂಥ ಭಯಕ್ಕೇ.

ಈಗ ತಂಪು ಮಾಡುವ ಮಾತಿಗೆ ಬರೋಣ. ಶಾಲೆಯಲ್ಲಿ ಓದಿಯೂ ಮನಸ್ಸಿಗಿಳಿಯದ ಸತ್ಯವೊಂದನ್ನು ನನಗೆ ಈ ಆಟ ಕಲಿಸಿತು: ತಂಪನ್ನು ಯಾರೂ ಉತ್ಪಾದಿಸುವುದಿಲ್ಲ, ಶಾಖವನ್ನು ಬೇರೆಡೆಗೆ ಸಾಗಿಸುತ್ತೇವೆ ಅಷ್ಟೆ. ಆಟದ ಅಕ್ವಾಟ್ಯೂನರ್ ಯಂತ್ರ ತನ್ನೊಳಗೆ ಹರಿಯುವ ದ್ರವವನ್ನು 14 ಡಿಗ್ರಿ ತಣಿಸಿ, ಆ ಶಾಖವನ್ನು ತನ್ನ ಮೈಗೆ ಹೊತ್ತುಕೊಳ್ಳುತ್ತದೆ. ನಮ್ಮ ಫ್ರಿಜ್ಜಿನ ಬೆನ್ನು ಬಿಸಿಯಾಗುವಂತೆ. ಆದರೆ ಸೆಕೆಂಡಿಗೆ 10 ಕಿಲೋ ನೀರು ಹರಿದರೆ ಸಾಗುವ ಶಾಖ 5,85,000 ಜೂಲ್; ತಗಲುವ ವಿದ್ಯುತ್ತು 1,200 ಜೂಲ್. ಒಂದು ಜೂಲ್ ಖರ್ಚಿಗೆ 487 ಜೂಲ್ ಸಾಗಣೆ! ಮನೆಯ ಫ್ರಿಜ್ಜು ಎರಡು ಮೂರು ಜೂಲ್ ಸಾಗಿಸಿದರೆ ಹೆಚ್ಚು.

ಹಬೆಯ ಟರ್ಬೈನು ಇನ್ನೂ ವಿಚಿತ್ರ. ಸೆಕೆಂಡಿಗೆ ಎರಡು ಕಿಲೋ ಹಬೆ 200 ಡಿಗ್ರಿಯಲ್ಲಿ ಒಳಹೋಗಿ 95 ಡಿಗ್ರಿಯ ನೀರಾಗಿ ಹೊರಬರುತ್ತದೆ. ಕಳೆದುಕೊಂಡ ಶಾಖ ಸುಮಾರು 8,77,000 ಜೂಲ್. ಸಿಗುವ ವಿದ್ಯುತ್ತು 850. ಹತ್ತರಲ್ಲೊಂದು ಪಾಲು ಟರ್ಬೈನಿನ ಮೈ ಕಾಯಿಸುತ್ತದೆ. ಮಿಕ್ಕದ್ದು? ಎಲ್ಲೂ ಇಲ್ಲ. ಅಳಿಸಿಹೋಗಿದೆ. ಶಕ್ತಿ ನಾಶವಾಗದು ಎಂಬ ನಿಯಮವನ್ನು ಆಟ ಇಲ್ಲಿ ಬೇಕೆಂದೇ ಮುರಿದಿದೆ.

ಬೇರೆ ದಾರಿಯೂ ಅವರಿಗಿರಲಿಲ್ಲ ಎಂದು ನನ್ನ ಅನಿಸಿಕೆ. ಶಾಖ ನಿರ್ವಾತವನ್ನು ದಾಟುವುದು ವಿಕಿರಣವಾಗಿ ಮಾತ್ರ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಶಾಖವನ್ನು ಅಮೋನಿಯಾ ಹೊತ್ತು ದೊಡ್ಡ ಫಲಕಗಳಿಗೆ ಒಯ್ಯುತ್ತದೆ. ಅವು ಅದನ್ನು ಅವಕೆಂಪು ಕಿರಣಗಳಾಗಿ ಕತ್ತಲೆಗೆ ಚೆಲ್ಲುತ್ತವೆ. ಭೂಮಿ ತಣ್ಣಗಾಗುವುದೂ ಹಾಗೆಯೇ. ಆಟದಲ್ಲಿ ಈ ವಿಕಿರಣವಿಲ್ಲ. ನಿರ್ವಾತ ಅಲ್ಲಿ ಶಾಖಕ್ಕೆ ಮುಚ್ಚಿದ ಬಾಗಿಲು. ಯಂತ್ರಗಳು ಹುಟ್ಟಿಸುವ ಬಿಸಿಗೆಲ್ಲ ಒಂದು ಹೊರದಾರಿ ಬೇಕಲ್ಲ, ಅದಕ್ಕೇ ಟರ್ಬೈನು.

ಎರಡನೆಯ ಊರು ಕಟ್ಟುವಾಗ ನಾನು ಗಿಡ ನೆಡುವ ಮೊದಲೇ ತಣ್ಣೀರಿನ ಕೊಳವೆ ಎಳೆದೆ. 70 ಡಿಗ್ರಿಯಲ್ಲಿ ಹೊರಟ ಗಾಳಿ ತೋಟ ಮುಟ್ಟುವ ಹೊತ್ತಿಗೆ 22ಕ್ಕೆ ಇಳಿದಿತ್ತು.